ಪರವೂರಿನ ಓದು, ತವರಿನ ಲೆಕ್ಕ

ಒಂದು ಊರಿನಲ್ಲಿ ಅಳೆದ ಅಕ್ಕಿ ಇನ್ನೊಂದು ಊರಿಗೆ ಹೋದಾಗ ಕಡಿಮೆಯಾಗಬಾರದು. ವ್ಯಾಪಾರದ ಮೊದಲ ನೀತಿಯೇ ಇದು. ಆದರೂ ನಮ್ಮ ಹಿರಿಯರ ಕಾಲದಲ್ಲಿ ಸೇರು, ಬಳ್ಳ, ಕೊಳಗಗಳು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದವು. ಸಂತೆಗೆ ಹೋದವನು ಮೊದಲು ಕೇಳುತ್ತಿದ್ದುದು ಬೆಲೆಯನ್ನಲ್ಲ, ‘ಯಾವ ಊರಿನ ಸೇರು?’ ಎಂಬುದನ್ನು. ಧಾನ್ಯದ ಮಟ್ಟಿಗೆ ಈ ತೊಡಕನ್ನು ೧೯೫೬ರ ಕಾಯಿದೆಯ ಅನಂತರ ಬಂದ ಮೆಟ್ರಿಕ್ ಅಳತೆ ಬಿಡಿಸಿತು. ಆದರೆ ಓದನ್ನು ಅಳೆಯುವ ಸೇರು ಯಾವುದು? ಒಬ್ಬ ವಿದ್ಯಾರ್ಥಿ ಒಂದು ವಿಶ್ವವಿದ್ಯಾನಿಲಯದಲ್ಲಿ ಆರು ತಿಂಗಳು ಓದಿದ್ದನ್ನು ಬೇರೊಂದು ದೇಶದ, ಬೇರೊಂದು ಭಾಷೆಯ ವಿಶ್ವವಿದ್ಯಾನಿಲಯವು ತನ್ನ ಅಂಗಳದಲ್ಲಿಯೇ ಓದಿದಂತೆ ಲೆಕ್ಕಕ್ಕೆ ಹಿಡಿಯುವುದು ಹೇಗೆ? ಈ ಪ್ರಶ್ನೆಗೆ ಯೂರೋಪಿನ ದೇಶಗಳು ಮೂರೂವರೆ ದಶಕಗಳಿಂದ ಒಂದು ಉತ್ತರವನ್ನು ರೂಢಿಸಿಕೊಂಡು ಬಂದಿವೆ. ಅದಕ್ಕೆ ಕ್ರೆಡಿಟ್ ವರ್ಗಾವಣೆ ಎಂದು ಹೆಸರು. ಅದು ನಡೆಯುವ ಬಗೆಯನ್ನೂ ಎಡವುವ ಎಡೆಯನ್ನೂ ಇಲ್ಲಿ ಪರಿಶೀಲಿಸಬಹುದು.

ಇಂಥ ಏರ್ಪಾಡು ಇಲ್ಲದಿದ್ದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಇಟಲಿಯ ಸೋಫಿಯಾ ಕೊರಾದಿ ಎಂಬ ಕಾನೂನು ವಿದ್ಯಾರ್ಥಿನಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ತೌಲನಿಕ ಕಾನೂನಿನಲ್ಲಿ ಸ್ನಾತಕೋತ್ತರ ಪದವಿಯನ್ನೂ ಗಳಿಸಿದರು. ೧೯೫೮ರಲ್ಲಿ ರೋಮಿಗೆ ಹಿಂದಿರುಗಿ ತಮ್ಮ ವಿಶ್ವವಿದ್ಯಾನಿಲಯದ ಮುಂದೆ ಆ ಪತ್ರವನ್ನಿಟ್ಟಾಗ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದೆಂಬ ಉತ್ತರ ಬಂತು. ಕಡಲಾಚೆ ಕಳೆದ ವರ್ಷ, ಓದಿದ ಗ್ರಂಥಗಳು, ಬರೆದ ಪರೀಕ್ಷೆಗಳು ತವರಿನ ದಫ್ತರದಲ್ಲಿ ಶೂನ್ಯವಾದವು. ಆಕೆ ಈ ಅನ್ಯಾಯವನ್ನು ನುಂಗಿಕೊಂಡು ಸುಮ್ಮನಾಗಲಿಲ್ಲ. ಮುಂದೆ ಇಟಲಿಯ ಕುಲಪತಿಗಳ ಸಮ್ಮೇಳನಕ್ಕೆ ಸಲಹೆಗಾರರಾದಾಗ, ಪರದೇಶದಲ್ಲಿ ಓದಿದ್ದನ್ನು ಸ್ವದೇಶದಲ್ಲಿ ಮನ್ನಿಸುವ ಕಟ್ಟಳೆ ಬೇಕೆಂದು ವರ್ಷಾನುಗಟ್ಟಲೆ ವಾದಿಸಿದರು. ೧೯೮೭ರಲ್ಲಿ ಯೂರೋಪಿಯನ್ ಸಮುದಾಯ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯನ್ನು ಆರಂಭಿಸಿತು. ಇಟಲಿಯ ಜನ ಆಕೆಯನ್ನು ‘ಎರಾಸ್ಮಸ್‌ನ ತಾಯಿ’ ಎಂದೇ ಕರೆಯುತ್ತ ಬಂದಿದ್ದಾರೆ.

ಯೋಜನೆಯ ಹೆಸರು ಒಂದು ದೀರ್ಘ ಇಂಗ್ಲಿಷ್ ಶೀರ್ಷಿಕೆಯ ಮೊದಲಕ್ಷರಗಳನ್ನು ಕೂಡಿಸಿದ್ದು ನಿಜ. ಆದರೆ ಆ ಕೂಡಿಕೆ ಆಕಸ್ಮಿಕವಲ್ಲ. ರಾಟರ್‌ಡ್ಯಾಮಿನ ಪಂಡಿತ ಎರಾಸ್ಮಸ್ ಪ್ಯಾರಿಸಿನಲ್ಲಿ ಓದಿದ, ೧೫೦೬ರಲ್ಲಿ ಟ್ಯೂರಿನ್‌ನಲ್ಲಿ ದೇವತಾಶಾಸ್ತ್ರದ ಡಾಕ್ಟರ್ ಪದವಿ ಪಡೆದ, ಕೇಂಬ್ರಿಜ್ಜಿನಲ್ಲಿ ಪಾಠ ಹೇಳಿದ, ೧೫೩೬ರಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡ. ಅವನ ಕಾಲದಲ್ಲಿ ಇದು ಸಾಧ್ಯವಾದುದಕ್ಕೆ ಕಾರಣವಿತ್ತು. ವಿದ್ವಾಂಸರಿಗೆಲ್ಲ ಲ್ಯಾಟಿನ್ ಒಂದೇ ಭಾಷೆ; ಓದುತ್ತಿದ್ದ ಗ್ರಂಥಗಳೂ ಬಹುಮಟ್ಟಿಗೆ ಒಂದೇ. ಅದಕ್ಕೂ ಮುಂಚೆ, ೧೨೩೩ರಲ್ಲಿಯೇ, ಪೋಪ್ ಒಂಬತ್ತನೆಯ ಗ್ರೆಗೊರಿ ತುಲೂಸ್ ವಿಶ್ವವಿದ್ಯಾನಿಲಯದ ಪದವೀಧರರಿಗೆ ಎಲ್ಲಿಯಾದರೂ ಪಾಠ ಹೇಳುವ ಅಧಿಕಾರವನ್ನು ಕೊಟ್ಟಿದ್ದ. ಅನಂತರ ರಾಷ್ಟ್ರಗಳು ಬೆಳೆದವು. ದೇಶಭಾಷೆಗಳು ವಿದ್ಯೆಯ ಭಾಷೆಗಳಾದವು. ಅದು ಒಳ್ಳೆಯದೇ ಆಯಿತು. ಆದರೆ ಪ್ರತಿಯೊಂದು ದೇಶವೂ ತನ್ನ ಪದವಿಗೆ ತನ್ನದೇ ವರ್ಷಗಳನ್ನೂ ಅಂಕಗಳನ್ನೂ ಹೆಸರುಗಳನ್ನೂ ಇಟ್ಟುಕೊಂಡಿತು. ಇಪ್ಪತ್ತನೆಯ ಶತಮಾನದ ವಿದ್ಯಾರ್ಥಿಗೆ ಗಡಿ ದಾಟುವುದು ಹದಿನಾರನೆಯ ಶತಮಾನದ ಎರಾಸ್ಮಸ್‌ಗಿಂತ ಕಷ್ಟವಾಯಿತು.

ಎರಾಸ್ಮಸ್ ಯೋಜನೆಯ ಮೊದಲ ವರ್ಷ ಹನ್ನೊಂದು ದೇಶಗಳ ೩,೨೪೪ ವಿದ್ಯಾರ್ಥಿಗಳು ಪರದೇಶಕ್ಕೆ ಹೋದರು. ಹೋಗುವುದಕ್ಕೆ ಹಣ ಒದಗಿದೊಡನೆ ಹಳೆಯ ಪ್ರಶ್ನೆ ಹೊಸದಾಗಿ ಎದ್ದಿತು: ಇವರು ಓದಿ ಬಂದುದನ್ನು ಎಷ್ಟೆಂದು ಎಣಿಸುವುದು? ಇದಕ್ಕಾಗಿ ೧೯೮೯ರಲ್ಲಿ ವಾಣಿಜ್ಯಾಡಳಿತ, ರಸಾಯನಶಾಸ್ತ್ರ, ಇತಿಹಾಸ, ಯಂತ್ರಶಿಲ್ಪ, ವೈದ್ಯ ಎಂಬ ಐದು ವಿಷಯಗಳಲ್ಲಿ ಆರು ವರ್ಷಗಳ ಪ್ರಯೋಗವೊಂದನ್ನು ಹೂಡಿದರು. ಈ ಪ್ರಯೋಗದಿಂದ ಹುಟ್ಟಿದ್ದೇ ಯೂರೋಪಿನ ಕ್ರೆಡಿಟ್ ವ್ಯವಸ್ಥೆ. ೧೯೯೯ರ ಜೂನ್ ತಿಂಗಳಲ್ಲಿ ಬೊಲೋನ್ಯಾ ನಗರದಲ್ಲಿ ೨೯ ದೇಶಗಳ ಮಂತ್ರಿಗಳು ಸೇರಿ ಸಹಿ ಹಾಕಿದ ಘೋಷಣೆಯ ತರುವಾಯ ಅದು ವಿನಿಮಯ ವಿದ್ಯಾರ್ಥಿಗಳ ಅನುಕೂಲವಾಗಿ ಮಾತ್ರ ಉಳಿಯದೆ, ಪದವಿಗಳನ್ನು ಕಟ್ಟುವ ಇಟ್ಟಿಗೆಯೇ ಆಯಿತು.

ಹಾಗಾದರೆ ಕ್ರೆಡಿಟ್ ಎಂದರೇನು? ಸೂತ್ರ ಬಹಳ ಸರಳ. ವಿದ್ಯಾರ್ಥಿ ಪೂರ್ಣಕಾಲ ಓದಿದ ಒಂದು ವರ್ಷಕ್ಕೆ ೬೦ ಕ್ರೆಡಿಟ್. ಅರ್ಧವರ್ಷಕ್ಕೆ ೩೦. ಮೊದಲ ಪದವಿಗೆ ೧೮೦ ಅಥವಾ ೨೪೦. ಅದರ ಮೇಲಿನ ಮಾಸ್ಟರ್ ಪದವಿಗೆ ಸಾಮಾನ್ಯವಾಗಿ ೯೦ರಿಂದ ೧೨೦. ಒಂದು ವರ್ಷದ ಓದೆಂದರೆ ೧,೫೦೦ರಿಂದ ೧,೮೦೦ ಗಂಟೆಗಳ ದುಡಿಮೆ ಎಂದು ಹಿಡಿದಿರುವುದರಿಂದ ಒಂದು ಕ್ರೆಡಿಟ್‌ಗೆ ೨೫ರಿಂದ ೩೦ ಗಂಟೆ ಬೀಳುತ್ತದೆ.

ಈ ಗಂಟೆಗಳು ಯಾರವು ಎಂಬುದರಲ್ಲಿ ಸ್ವಾರಸ್ಯವಿದೆ. ಅವು ಅಧ್ಯಾಪಕ ಪಾಠ ಹೇಳಿದ ಗಂಟೆಗಳಲ್ಲ, ವಿದ್ಯಾರ್ಥಿ ದುಡಿದ ಗಂಟೆಗಳು. ಐದು ಕ್ರೆಡಿಟ್‌ಗಳ ಒಂದು ಇತಿಹಾಸ ಪತ್ರಿಕೆಯನ್ನು ತೆಗೆದುಕೊಳ್ಳೋಣ. ಕ್ರೆಡಿಟ್‌ಗೆ ೩೦ ಗಂಟೆಯಂತೆ ಒಟ್ಟು ೧೫೦ ಗಂಟೆ. ವಾರಕ್ಕೆರಡು ಗಂಟೆಯಂತೆ ಹದಿನೈದು ವಾರದ ಪಾಠಕ್ಕೆ ೩೦ ಗಂಟೆ ಹೋಯಿತು ಎನ್ನಿ. ಮಿಕ್ಕ ೧೨೦ ಗಂಟೆಗಳಲ್ಲಿ ಗ್ರಂಥಾಲಯದಲ್ಲಿ ಓದಲು ೬೦, ಪ್ರಬಂಧ ಬರೆಯಲು ೪೦, ಪರೀಕ್ಷೆಯ ಸಿದ್ಧತೆಗೆ ೨೦. ಹೀಗೆ ತರಗತಿಯ ಹೊರಗೆ, ಯಾರೂ ಹಾಜರಿ ಕೂಗದ ಹೊತ್ತಿನಲ್ಲಿ ನಡೆಯುವ ಓದೂ ಲೆಕ್ಕಕ್ಕೆ ಬಂತು. ಅಧ್ಯಾಪಕನಿಗೆ ಇದು ಒಂದು ಒಳ್ಳೆಯ ಕಟ್ಟು. ‘ನಾನು ಏನೇನು ಹೇಳಬಲ್ಲೆ?’ ಎಂದು ಕೇಳಿಕೊಳ್ಳುತ್ತಿದ್ದವನು ‘ಇದನ್ನೆಲ್ಲ ಕಲಿಯಲು ಹುಡುಗನಿಗೆ ಎಷ್ಟು ಹೊತ್ತು ಬೇಕು?’ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಕ್ರೆಡಿಟ್ ಜಾಣತನದ ಅಳತೆಯಲ್ಲ ಎಂಬುದನ್ನೂ ಮರೆಯಬಾರದು. ಪತ್ರಿಕೆಯಲ್ಲಿ ತೇರ್ಗಡೆಯಾದವನಿಗೆ ಅದರ ಐದೂ ಕ್ರೆಡಿಟ್ ಬರುತ್ತವೆ, ನಪಾಸಾದವನಿಗೆ ಒಂದೂ ಬರುವುದಿಲ್ಲ. ಮೊದಲ ಸ್ಥಾನ ಪಡೆದವನಿಗೆ ಆರನೆಯದು ಬರುವುದಿಲ್ಲ. ಎಷ್ಟು ಚೆನ್ನಾಗಿ ಕಲಿತ ಎಂಬುದನ್ನು ಹೇಳುವುದು ಅಂಕದ ಕೆಲಸ.

ಇನ್ನು ಒಂದು ಕಲ್ಪಿತ ಪ್ರಯಾಣದ ಮೂಲಕ ವರ್ಗಾವಣೆ ನಡೆಯುವ ಬಗೆಯನ್ನು ನೋಡೋಣ. ಬೊಲೋನ್ಯಾದಲ್ಲಿ ಇತಿಹಾಸ ಓದುತ್ತಿರುವ ಹುಡುಗಿಯೊಬ್ಬಳು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಒಂದು ಅರ್ಧವರ್ಷ ಓದಲು ಬಯಸಿದ್ದಾಳೆ. ಹೊರಡುವ ಮೊದಲೇ ಅವಳು ಅಲ್ಲಿಯ ಪಠ್ಯಸೂಚಿಯನ್ನು ನೋಡಿ ತಾನು ಓದಲಿರುವ ಪತ್ರಿಕೆಗಳನ್ನು ಆರಿಸಿಕೊಳ್ಳಬೇಕು. ಆಮೇಲೆ ‘ಕಲಿಕೆಯ ಒಪ್ಪಂದ’ ಎಂಬ ಒಂದು ಪತ್ರ ಸಿದ್ಧವಾಗುತ್ತದೆ. ಅದರಲ್ಲಿ ಎರಡು ಪಟ್ಟಿಗಳು. ಹೊರಗೆ ಓದುವ ಪತ್ರಿಕೆಗಳೂ ಅವುಗಳ ಕ್ರೆಡಿಟ್‌ಗಳೂ ಒಂದರಲ್ಲಿ. ಅವುಗಳಿಗೆ ಬದಲಾಗಿ ತವರಿನ ಪದವಿಯಲ್ಲಿ ಏನನ್ನು ಮುಗಿಸಿದಂತೆ ಎಣಿಸಲಾಗುವುದೆಂಬುದು ಇನ್ನೊಂದರಲ್ಲಿ. ಪತ್ರಿಕೆಗೆ ಪತ್ರಿಕೆ ಜೋಡಿಯಾಗಬೇಕೆಂಬ ನಿಯಮವಿಲ್ಲ. ಅಲ್ಲಿಯ ೩೦ ಕ್ರೆಡಿಟ್‌ಗಳ ಕಂತೆಗೆ ಇಲ್ಲಿಯ ೩೦ ಕ್ರೆಡಿಟ್‌ಗಳ ಕಂತೆ ಸಮನಾದರೆ ಸಾಕು. ಪತ್ರಕ್ಕೆ ಮೂವರ ಸಹಿ ಬೀಳುತ್ತದೆ: ವಿದ್ಯಾರ್ಥಿನಿಯದು, ಕಳಿಸುವ ವಿಶ್ವವಿದ್ಯಾನಿಲಯದ್ದು, ಬರಮಾಡಿಕೊಳ್ಳುವ ವಿಶ್ವವಿದ್ಯಾನಿಲಯದ್ದು. ಅಲ್ಲಿಗೆ ಹೋದ ಮೇಲೆ ಯಾವುದಾದರೊಂದು ಪತ್ರಿಕೆ ಆ ವರ್ಷ ನಡೆಯದೆ ಹೋದರೆ ಪಟ್ಟಿಯನ್ನು ತಿದ್ದಬಹುದು. ಆದರೆ ತಿದ್ದುಪಡಿಯನ್ನೂ ಮೂವರೂ ಒಪ್ಪಿರಬೇಕು.

ಅರ್ಧವರ್ಷ ಮುಗಿದು ಫಲಿತಾಂಶ ಪ್ರಕಟವಾದ ಮೇಲೆ ಹೈಡೆಲ್‌ಬರ್ಗ್ ಅಂಕಪಟ್ಟಿಯನ್ನು ಕಳಿಸುತ್ತದೆ. ಸಾಮಾನ್ಯವಾಗಿ ಐದು ವಾರಗಳೊಳಗೆ ಅದು ತಲುಪಬೇಕು. ಒಪ್ಪಂದದಲ್ಲಿದ್ದ ಪತ್ರಿಕೆಗಳಲ್ಲಿ ಅವಳು ತೇರ್ಗಡೆಯಾಗಿದ್ದರೆ ಬೊಲೋನ್ಯಾ ಆ ಕ್ರೆಡಿಟ್‌ಗಳನ್ನೆಲ್ಲ ತಡಮಾಡದೆ, ಮತ್ತೊಂದು ಪರೀಕ್ಷೆಯನ್ನೊಡ್ಡದೆ, ಅವಳ ಪದವಿಗೆ ಜಮಾ ಮಾಡಬೇಕು. ಯೂರೋಪಿಯನ್ ಆಯೋಗ ೨೦೧೫ರಲ್ಲಿ ಹೊರತಂದ ಕೈಪಿಡಿ ಇದನ್ನು ಇಡೀ ವ್ಯವಸ್ಥೆಯ ಮೂಲ ನಿಯಮವಾಗಿ ಎತ್ತಿ ಹೇಳಿದೆ. ಐದು ಕ್ರೆಡಿಟ್‌ಗಳ ಒಂದು ಪತ್ರಿಕೆಯಲ್ಲಿ ಅವಳು ನಪಾಸಾಗಿದ್ದರೆ ಇಪ್ಪತ್ತೈದು ಜಮೆಯಾಗುತ್ತವೆ. ಉಳಿದ ಐದನ್ನು ಅವಳು ಮತ್ತೆ ಗಳಿಸಬೇಕು.

ಇಲ್ಲಿ ಲೆಕ್ಕದಲ್ಲಿ ಚುರುಕಾದವರು ಒಂದು ಆಕ್ಷೇಪವನ್ನೆತ್ತಬಹುದು. ಇಟಲಿಯಲ್ಲಿ ಒಂದು ಕ್ರೆಡಿಟ್‌ಗೆ ೨೫ ಗಂಟೆ. ನೆದರ್ಲೆಂಡ್ಸಿನಲ್ಲಿ ವರ್ಷಕ್ಕೆ ೧,೬೮೦ ಗಂಟೆಯೆಂದು ಕಾನೂನೇ ಹೇಳುವುದರಿಂದ ೨೮. ಜರ್ಮನಿಯಲ್ಲಿ ೩೦ರವರೆಗೆ ಹಿಡಿಯುತ್ತಾರೆ. ಹಾಗಿದ್ದರೆ ಹೈಡೆಲ್‌ಬರ್ಗ್‌ನ ೩೦ ಕ್ರೆಡಿಟ್‌ಗಳಿಗೆ ಬೊಲೋನ್ಯಾದಲ್ಲಿ ೩೬ ಕೊಡಬೇಕಲ್ಲವೆ? ಕೊಡಬೇಕಾಗಿಲ್ಲ. ಕ್ರೆಡಿಟ್ ಒಂದು ಪಾಲು. ಆಯಾ ದೇಶದ ವಿದ್ಯಾರ್ಥಿಯ ಒಂದು ವರ್ಷವನ್ನು ಅರುವತ್ತು ಪಾಲು ಮಾಡಿದಾಗ ಬರುವ ಒಂದು ಪಾಲು. ಅಲ್ಲಿಯ ಅರ್ಧವರ್ಷ ಇಲ್ಲಿಯ ಅರ್ಧವರ್ಷಕ್ಕೆ ಸಮ. ಒಬ್ಬ ಮನುಷ್ಯನ ಆಯುಷ್ಯದ ಆರು ತಿಂಗಳು ಎಲ್ಲಿ ಕಳೆದರೂ ಆರು ತಿಂಗಳೇ ಎಂಬ ನ್ಯಾಯ ಇದರ ಹಿಂದಿದೆ.

ಅಂಕಗಳ ಸಮಸ್ಯೆ ಇದಕ್ಕಿಂತ ಸೂಕ್ಷ್ಮ. ಇಟಲಿಯಲ್ಲಿ ಅಂಕ ಮೂವತ್ತಕ್ಕೆ. ಹದಿನೆಂಟು ಬಂದರೆ ತೇರ್ಗಡೆ. ಫ್ರಾನ್ಸಿನಲ್ಲಿ ಇಪ್ಪತ್ತಕ್ಕೆ, ಹತ್ತು ಬಂದರೆ ತೇರ್ಗಡೆ. ಜರ್ಮನಿಯಲ್ಲಿ ಲೆಕ್ಕ ತಲೆಕೆಳಗು: ಒಂದು ಬಂದವನು ಎಲ್ಲರಿಗಿಂತ ಮೇಲು, ನಾಲ್ಕು ಬಂದವನು ಹೇಗೋ ದಾಟಿದವನು, ಐದು ಬಂದವನು ನಪಾಸಾದವನು. ಮಗನಿಗೆ ‘ಒಂದು’ ಬಂತೆಂಬ ಸುದ್ದಿ ಕೇಳಿ ಜರ್ಮನಿಯ ತಾಯಿ ಹಿಗ್ಗುತ್ತಾಳೆ. ಇಟಲಿಯ ತಾಯಿ ಕಣ್ಣೀರಿಡುತ್ತಾಳೆ. ತ್ರೈರಾಶಿಕದಿಂದ ಇದನ್ನು ಬಗೆಹರಿಸಲಾಗದು. ಫ್ರಾನ್ಸಿನಲ್ಲಿ ಇಪ್ಪತ್ತಕ್ಕೆ ಹದಿನಾರು ಬಂದರೆ ಅದು ‘ಅತ್ಯುತ್ತಮ’ ಎಂಬ ಮನ್ನಣೆ ಪಡೆಯುವ ಅಂಕ. ತ್ರೈರಾಶಿಕದಂತೆ ಅದನ್ನು ಇಟಲಿಯ ಲೆಕ್ಕಕ್ಕೆ ತಿರುಗಿಸಿದರೆ ಮೂವತ್ತಕ್ಕೆ ಇಪ್ಪತ್ತನಾಲ್ಕು. ಅಲ್ಲಿ ಅದು ಸಾಧಾರಣ ಅಂಕ. ಲೆಕ್ಕ ಸರಿಯಾಯಿತು, ನ್ಯಾಯ ತಪ್ಪಿತು.

ಆದುದರಿಂದ ಅಂಕದ ಬದಲು ಸ್ಥಾನವನ್ನು ನೋಡುವ ಪದ್ಧತಿ ಬಂತು. ಮೊದಲು ತೇರ್ಗಡೆಯಾದವರನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಮೇಲಿನ ನೂರಕ್ಕೆ ಹತ್ತು ಮಂದಿಗೆ ಒಂದು ದರ್ಜೆ, ಅನಂತರದ ಇಪ್ಪತ್ತೈದಕ್ಕೆ ಇನ್ನೊಂದು, ಹೀಗೆ ಕೊಟ್ಟು ನೋಡಿದರು. ಇದು ತೊಡಕಾಯಿತು. ೨೦೦೯ರ ಕೈಪಿಡಿ ಅದನ್ನು ಕೈಬಿಟ್ಟು ಬೇರೆ ದಾರಿ ತೋರಿಸಿತು. ಪ್ರತಿಯೊಂದು ವಿಶ್ವವಿದ್ಯಾನಿಲಯವೂ ತನ್ನಲ್ಲಿ ಯಾವ ಅಂಕ ನೂರರಲ್ಲಿ ಎಷ್ಟು ಮಂದಿಗೆ ಬರುತ್ತದೆ ಎಂಬ ಕೋಷ್ಟಕವನ್ನು ಅಂಕಪಟ್ಟಿಯ ಜೊತೆಗಿಟ್ಟು ಕಳಿಸುವುದು. ತವರಿನವರು ತಮ್ಮ ಕೋಷ್ಟಕದ ಪಕ್ಕದಲ್ಲಿ ಅದನ್ನಿಟ್ಟು, ಅಲ್ಲಿ ಮೇಲಿನ ಹತ್ತರಲ್ಲಿ ಬಂದವನಿಗೆ ಇಲ್ಲಿ ಮೇಲಿನ ಹತ್ತಕ್ಕೆ ಕೊಡುವ ಅಂಕವನ್ನೇ ಕೊಡುವುದು.

ಇಷ್ಟೆಲ್ಲ ಕಟ್ಟಳೆಗಳಿದ್ದರೂ ತವರಿಗೆ ಬಂದ ವಿದ್ಯಾರ್ಥಿಯ ಕೆಲವು ಕ್ರೆಡಿಟ್‌ಗಳು ದಾರಿಯಲ್ಲಿ ಸೋರಿಹೋಗುವುದು ಇನ್ನೂ ಪೂರ್ತಿ ನಿಂತಿಲ್ಲ. ಕಾರಣ ಹಲವು. ಒಂದೆಡೆ ಪತ್ರಿಕೆಗೆ ಐದು ಕ್ರೆಡಿಟ್, ಇನ್ನೊಂದೆಡೆ ಆರು. ಒಂದು ದೇಶದ ಅರ್ಧವರ್ಷ ಮುಗಿಯುವ ಮೊದಲೇ ಇನ್ನೊಂದರದು ಆರಂಭ. ಇವೆಲ್ಲಕ್ಕಿಂತ ದೊಡ್ಡದು ಅಧ್ಯಾಪಕನ ಮನಸ್ಸು. ‘ಅವರು ಹೇಳಿದ ಮಧ್ಯಯುಗದ ಇತಿಹಾಸದಲ್ಲಿ ನಾನು ಹೇಳುವ ಮೂರನೆಯ ಅಧ್ಯಾಯವೇ ಇಲ್ಲವಲ್ಲ! ಅದನ್ನು ಓದಿ ಮತ್ತೆ ನನ್ನ ಮುಂದೆ ಪರೀಕ್ಷೆಗೆ ಕುಳಿತುಕೊಳ್ಳಲಿ’ ಎಂದು ಅವನು ಹೇಳಿದರೆ ಒಪ್ಪಂದದ ಪತ್ರ ಬರಿಯ ಕಾಗದವಾಗುತ್ತದೆ.

ಅಧ್ಯಾಪಕ ಹೀಗೆನ್ನುವುದು ಹಟದಿಂದಲೇ ಎಂದು ತಿಳಿಯಬೇಕಾಗಿಲ್ಲ. ತನ್ನ ಪದವಿಯ ಮರ್ಯಾದೆಯನ್ನು ಕಾಯುವ ಹೊಣೆ ಅವನದು. ಅಡಿಪಾಯದ ಪಾಠವೊಂದನ್ನು ಕಲಿಯದೆ ವೈದ್ಯನೋ ಎಂಜಿನಿಯರನೋ ಆದವನಿಂದ ಲೋಕಕ್ಕೆ ಅಪಾಯವಿದೆ. ಕ್ರೆಡಿಟ್ ಎಲ್ಲ ಅಂಗಡಿಯಲ್ಲೂ ಚಲಾವಣೆಯಾಗುವ ನಾಣ್ಯವಲ್ಲವೆಂದು ವ್ಯವಸ್ಥೆಯೇ ಒಪ್ಪುತ್ತದೆ. ಅದು ತನ್ನ ಪದವಿಗೆ ಹೊಂದುವುದೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಸ್ವೀಕರಿಸುವ ವಿಶ್ವವಿದ್ಯಾನಿಲಯದ್ದೇ. ಆದರೆ ಆ ಅಧಿಕಾರಕ್ಕೆ ಒಂದು ಮೇರೆಯಿದೆ. ೧೯೯೭ರಲ್ಲಿ ಲಿಸ್ಬನ್‌ನಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ, ಎರಡು ಓದುಗಳ ನಡುವೆ ಮಹತ್ವದ ಅಂತರವಿದ್ದರೆ ಮಾತ್ರ ನಿರಾಕರಿಸಬಹುದು. ಅಂತರವಿದೆಯೆಂದು ತೋರಿಸಿಕೊಡುವ ಹೊಣೆ ನಿರಾಕರಿಸುವವರದು. ಇಲ್ಲವೆಂದು ಸಾಧಿಸುವ ಹೊಣೆ ವಿದ್ಯಾರ್ಥಿಯದಲ್ಲ. ನಿರಾಕರಣೆಯ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಸೋಫಿಯಾ ಕೊರಾದಿಯವರು ೧೯೫೮ರಲ್ಲಿ ನಿಂತಿದ್ದ ಮೇಜಿನ ಮುಂದೆ ನಿಲ್ಲುವ ಇಂದಿನ ವಿದ್ಯಾರ್ಥಿಗೂ ಆಕೆಗೂ ಇರುವ ವ್ಯತ್ಯಾಸ ಇಷ್ಟೇ: ಅಂದು ‘ಏಕೆ ಕೊಡಬೇಕು?’ ಎಂಬುದಕ್ಕೆ ಆಕೆ ಉತ್ತರ ಹೇಳಬೇಕಾಗಿತ್ತು. ಇಂದು ‘ಏಕೆ ಕೊಡುವುದಿಲ್ಲ?’ ಎಂಬುದಕ್ಕೆ ಮೇಜಿನ ಆಚೆಗಿರುವವರು ಉತ್ತರ ಹೇಳಬೇಕು. ವ್ಯತ್ಯಾಸ ಸಣ್ಣದಲ್ಲ.

ಸಾಹಿತ್ಯವನ್ನು ಓದಿ, ಓದಿಸಿ ಬಾಳಿದವರಿಗೆ ಈ ಏರ್ಪಾಡಿನ ಬಗ್ಗೆ ಬೇರೊಂದು ಸಂಶಯ ಹುಟ್ಟುವುದು ಸಹಜ. ಪಂಪನನ್ನು ಇಷ್ಟು ಗಂಟೆಯಲ್ಲಿ ಓದಿ ಮುಗಿಸಬೇಕೆಂದು ಯಾರಾದರೂ ಹೇಳಲು ಬರುತ್ತದೆಯೆ? ದಾಂತೆಯ ಒಂದು ಸರ್ಗ ಒಬ್ಬನಿಗೆ ಒಂದು ಸಂಜೆ, ಇನ್ನೊಬ್ಬನಿಗೆ ಒಂದು ಜೀವಮಾನ. ಈ ಆಕ್ಷೇಪದಲ್ಲಿ ಸತ್ಯವಿದೆ. ಯೂರೋಪಿನಲ್ಲಿಯೂ ಹಲವು ವಿದ್ವಾಂಸರು ಇದೇ ಮಾತನ್ನೆತ್ತಿದ್ದಾರೆ; ಓದು ಗುಮಾಸ್ತೆಯ ಲೆಕ್ಕಪುಸ್ತಕವಾಗುತ್ತಿದೆಯೆಂದು ಮರುಗಿದ್ದಾರೆ. ಆದರೆ ಕ್ರೆಡಿಟ್ ತಾನು ಕಾವ್ಯವನ್ನು ಅಳೆಯುತ್ತೇನೆಂದು ಹೇಳಿಕೊಳ್ಳುವುದಿಲ್ಲ. ಅದು ಅಳೆಯುವುದು ಕಾವ್ಯದ ಮುಂದೆ ಒಬ್ಬ ಯುವಕನೋ ಯುವತಿಯೋ ಕುಳಿತ ಹೊತ್ತನ್ನು. ಅದಕ್ಕೆ ಫಲವೇನು ಬಂತೆಂದು ಹೇಳಲು ಪರೀಕ್ಷೆ ಇದೆ, ಅದಕ್ಕೂ ಮೀರಿದ್ದಕ್ಕೆ ಬಾಳು ಇದೆ. ಆ ಹೊತ್ತನ್ನಾದರೂ ಇಲ್ಲವೆನ್ನಬೇಡಿ ಎಂಬುದಷ್ಟೇ ಅದರ ಬೇಡಿಕೆ.

ನಮ್ಮ ನಾಡಿಗೂ ಈ ವಿಷಯ ಈಗ ದೂರದ್ದಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ೨೦೨೧ರಲ್ಲಿ ಕ್ರೆಡಿಟ್‌ಗಳ ಬ್ಯಾಂಕೊಂದನ್ನು ಏರ್ಪಡಿಸಿ, ಒಂದು ಸಂಸ್ಥೆಯಲ್ಲಿ ಗಳಿಸಿದ್ದನ್ನು ಇನ್ನೊಂದಕ್ಕೆ ಒಯ್ಯಲು ದಾರಿ ಮಾಡಿತು. ಆದರೆ ನಮ್ಮ ಕಾಲೇಜುಗಳಲ್ಲಿ ರೂಢಿಗೆ ಬಂದ ಕ್ರೆಡಿಟ್‌ನ ಎಣಿಕೆ ಬೇರೆ. ವಾರಕ್ಕೆ ಒಂದು ಗಂಟೆ ಪಾಠ ಒಂದು ಸೆಮಿಸ್ಟರ್ ನಡೆದರೆ ಅದು ಒಂದು ಕ್ರೆಡಿಟ್. ಎಂದರೆ ಯೂರೋಪು ಮುಖ್ಯವಾಗಿ ಎಣಿಸುವುದು ವಿದ್ಯಾರ್ಥಿಯ ಗಂಟೆಯನ್ನು. ನಾವು ಎಣಿಸುತ್ತ ಬಂದದ್ದು ಅಧ್ಯಾಪಕನ ಗಂಟೆಯನ್ನು. ಇಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಓದಿ ಇಪ್ಪತ್ತು ಕ್ರೆಡಿಟ್ ಪಡೆದವನು ಅಲ್ಲಿಯ ಮೂವತ್ತರ ಮುಂದೆ ತನ್ನದು ಕಡಿಮೆಯೆಂದು ಕುಗ್ಗಬೇಕಾಗಿಲ್ಲ. ಎರಡೂ ಅರ್ಧವರ್ಷವೇ. ಮಕ್ಕಳನ್ನು ಆ ಕಡೆಗೆ ಓದಲು ಕಳಿಸುವ ತಂದೆತಾಯಿಗಳು ಅಂಕಪಟ್ಟಿಯ ಜೊತೆಗೆ ಪ್ರತಿ ಪತ್ರಿಕೆಯ ಪಠ್ಯವಿವರವನ್ನೂ ಕಾಲೇಜಿನಿಂದ ಬರೆಸಿಕೊಂಡು ಜೋಪಾನವಾಗಿಡುವುದು ಮೇಲು. ಅಲ್ಲಿಯವರು ಸಂಖ್ಯೆಯನ್ನು ಮಾತ್ರ ನೋಡುವುದಿಲ್ಲ. ಏನನ್ನು ಓದಿದ್ದೆಂದು ಕೇಳುತ್ತಾರೆ.

ಕೊನೆಗೆ ಒಂದು ಶಬ್ದದ ಮಾತು. ಕ್ರೆಡಿಟ್ ಎಂಬುದು ‘ನಂಬು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಆ ಧಾತುವಿಗೂ ಸಂಸ್ಕೃತದ ‘ಶ್ರದ್ಧಾ’ ಶಬ್ದಕ್ಕೂ ಮೂಲ ಒಂದೇ ಎಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಕನ್ನಡದಲ್ಲಿ ಶ್ರದ್ಧೆ ಎಂದರೆ ನಂಬಿಕೆಯೂ ಹೌದು, ಮನಸ್ಸಿಟ್ಟು ದುಡಿಯುವುದೂ ಹೌದು. ಯೂರೋಪಿನ ಈ ಏರ್ಪಾಡಿಗೆ ಈ ಎರಡೂ ಅರ್ಥಗಳು ಬೇಕು. ವಿದ್ಯಾರ್ಥಿ ಗಂಟೆಗಟ್ಟಲೆ ಕುಳಿತು ದುಡಿಯಬೇಕು. ಆ ದುಡಿಮೆಯನ್ನು ತಾನು ಕಣ್ಣಾರೆ ಕಾಣದಿದ್ದರೂ, ಅದನ್ನು ಕಂಡ ಇನ್ನೊಬ್ಬ ಅಧ್ಯಾಪಕನ ಮಾತನ್ನು ತವರಿನ ಅಧ್ಯಾಪಕ ನಂಬಬೇಕು. ಮೊದಲನೆಯದನ್ನು ಗಂಟೆಗಳಲ್ಲಿ ಬರೆದಿಡಬಹುದು. ಎರಡನೆಯದಕ್ಕೆ ಕೋಷ್ಟಕವಿಲ್ಲ. ೨೦೧೮ರಲ್ಲಿ ಯೂರೋಪಿಯನ್ ಒಕ್ಕೂಟದ ಮಂತ್ರಿಮಂಡಲಿ, ಪರದೇಶದ ಓದನ್ನು ತಾನೇ ತಾನಾಗಿ ಮನ್ನಿಸುವಂತಾಗಬೇಕೆಂದು ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾಡಿತು. ವ್ಯವಸ್ಥೆ ಹುಟ್ಟಿ ಇಪ್ಪತ್ತೊಂಬತ್ತು ವರ್ಷಗಳಾದ ಮೇಲೂ ಇದನ್ನು ಮತ್ತೆ ಹೇಳಬೇಕಾಯಿತೆಂದರೆ, ಲೆಕ್ಕವನ್ನು ಕಲಿಯುವುದಕ್ಕಿಂತ ನೆರೆಯವನನ್ನು ನಂಬುವುದನ್ನು ಕಲಿಯುವುದು ವಿದ್ವಾಂಸರಿಗೂ ಎಷ್ಟು ನಿಧಾನದ ಕೆಲಸವೆಂಬುದು ತಿಳಿಯುತ್ತದೆ. ನಮ್ಮಲ್ಲಿಯೂ ಕ್ರೆಡಿಟ್‌ಗಳ ಬ್ಯಾಂಕು ತೆರೆದಿದೆ. ಒಂದು ಊರಿನ ಕಾಲೇಜಿನ ಮೇಷ್ಟರು ಕೊಟ್ಟ ಅಂಕವನ್ನು ಇನ್ನೊಂದು ಊರಿನ ಮೇಷ್ಟರು ಮರುಪ್ರಶ್ನೆಯಿಲ್ಲದೆ ಒಪ್ಪುವ ದಿನ ಅದರ ನಿಜವಾದ ವ್ಯವಹಾರ ಆರಂಭವಾಗುತ್ತದೆ.